ಹೊಲಿಗೆ ನೋಡುತ್ತಿದ್ದ ಮುಖ

ಕಟ್ಟಡದ ಮೆಟ್ಟಿಲುಗಳ ಅಡಿಯಲ್ಲಿ, ನಡು ಬಗ್ಗಿಸಿ ನಿಲ್ಲಬೇಕಾದಷ್ಟು ತಗ್ಗಿನ ಜಾಗದಲ್ಲಿ, ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು ಮತ್ತು ಇಸ್ತ್ರಿಗೊಂದು ಮೇಜು. ಅಲ್ಲಿ ಕೂರುವ ದರ್ಜಿಯನ್ನು ಎಲ್ಲರೂ ಮಾಸ್ಟರು ಎನ್ನುತ್ತಾರೆ. ಹೊಸ ಬಟ್ಟೆ ಹೊಲಿಯುವುದನ್ನು ಅವರು ಬಿಟ್ಟು ಬಹಳ ಕಾಲವಾಗಿದೆ. ಈಗಿನದು ತಿದ್ದುಪಡಿಯ ಕೆಲಸ: ಪ್ಯಾಂಟಿನ ಉದ್ದ ಇಳಿಸುವುದು, ಸೊಂಟ ಸಡಿಲಿಸುವುದು, ಅಣ್ಣನ ಕೋಟನ್ನು ತಮ್ಮನ ಹೆಗಲಿಗೆ ಕೂರಿಸುವುದು. ಮಾತಾಡುವಾಗ ಅವರ ಕಣ್ಣು ಎದುರಿಗಿರುವವರ ಮುಖದ ಮೇಲೆ ನಿಲ್ಲುವುದಿಲ್ಲ. ಕಾಲರಿನಿಂದ ತೋಳಿಗೆ, ತೋಳಿನಿಂದ ಪಕ್ಕದ ಹೊಲಿಗೆಗೆ ಇಳಿದು ಅಲ್ಲೇ ಓಡಾಡಿಕೊಂಡಿರುತ್ತದೆ.

"ನಮ್ಮ ಮಾಸ್ಟ್ರಿಗೆ ದೇವರೇ ಪ್ರತ್ಯಕ್ಷ ಆದ್ರೂ, ವರ ಕೇಳೋಕ್ಕಿಂತ ಮುಂಚೆ ಗುಂಡಿ ಸರಿಯಾಗಿದೆಯಾ ಅಂತ ನೋಡ್ತಾರೆ," ಎಂದು ಎದುರಿನ ಕಿಂಡಿಯಂಥ ಅಂಗಡಿಯಲ್ಲಿ ಕೀಲಿ ಮಾಡುವವನು ಬಂದವರಿಗೆಲ್ಲ ಹೇಳುತ್ತಿದ್ದ.

ಇದು ತಮಾಷೆಯ ಮಾತು. ಆದರೆ ಮಾಸ್ಟರ ಮನೆಯಲ್ಲಿ ಇದೇ ಗುಣ ಒಂದು ಗಾಯವಾಗಿ ಉಳಿದಿತ್ತು. ಒಬ್ಬಳೇ ಮಗಳು ಮದುವೆಯಾಗಿ ಗಂಡನ ಜೊತೆ ಬೇರೆ ಊರಿಗೆ ಹೊರಟ ದಿನ ಅಮ್ಮ ಅತ್ತಿದ್ದಳು, ಚಿಕ್ಕಮ್ಮ ಅತ್ತಿದ್ದಳು, ಹುಡುಗಿಯ ಪರಿಚಯವೇ ಸರಿಯಾಗಿ ಇಲ್ಲದ ಕಾರಿನ ಚಾಲಕನೂ ಮೂಗು ಒರೆಸಿಕೊಂಡಿದ್ದ. ಅಪ್ಪ ಮಾತ್ರ ಕಾರಿನ ಬಾಗಿಲ ಬಳಿ ಮಂಡಿಯೂರಿ, ಮಗಳ ಉಡುಪಿನ ಬಿಚ್ಚಿಹೋಗಿದ್ದ ಅಂಚನ್ನು ಹೊಲಿಯುತ್ತಿದ್ದರು. ಕೊನೆಗೆ ದಾರವನ್ನು ಹಲ್ಲಿನಿಂದ ಕಡಿದು, "ಆಯ್ತು, ಹೊರಡಿ," ಎಂದಿದ್ದರು. ಮದುವೆಯ ವಿಡಿಯೊ ಮಾಡಿದವನು ಆ ದೃಶ್ಯಕ್ಕೆ ವೇಗ ಕೊಟ್ಟು, ಕುಣಿತದ ಹಾಡೊಂದನ್ನು ಹಿಂದೆ ಸೇರಿಸಿ ಕಳಿಸಿದ. ಗಂಡನ ಮನೆಯಲ್ಲಿ ಅದನ್ನು ನೋಡಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅಂದಿನಿಂದ ಮಗಳು ತಾಯಿಯ ಜೊತೆ ಗಂಟೆಗಟ್ಟಲೆ ಮಾತಾಡಿ, ಕೊನೆಯಲ್ಲಿ ಅಪ್ಪನ ಕೈಗೆ ಫೋನು ಹೋದಾಗ "ಊಟ ಆಯ್ತಾ?" ಎಂದಷ್ಟೇ ಕೇಳುತ್ತಿದ್ದಳು. ಆಯಿತು ಎಂದರೆ ಮಾತೂ ಆಯಿತು.

ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಹಾಡುಗಳಿಗೆ ವಿಡಿಯೊ ಮಾಡುವ ಪುಟ್ಟ ಕಂಪನಿಯೊಂದಿತ್ತು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದ ಒಂದು ಹಾಲ್, ಒಂದು ಗೋಡೆಗೆ ಹಸಿರು ಬಣ್ಣ, ಮೂಲೆಯಲ್ಲಿ ಹೊಗೆ ಬಿಡುವ ಯಂತ್ರ. ವಿರಹದ ಹಾಡು, ಕುಣಿತದ ಹಾಡು, ಪ್ರಾರ್ಥನೆ, ಹುಡುಗರ ರ‍್ಯಾಪ್, ಎಲ್ಲವೂ ಅಲ್ಲೇ ಹುಟ್ಟುತ್ತಿದ್ದವು. ಅದರ ನಿರ್ದೇಶಕ ಮನೆಯೊಳಗೂ ತಲೆಯಿಂದ ತೆಗೆಯದ ವಸ್ತುವಿನ ದೆಸೆಯಿಂದ ಟೋಪಿ ಎಂದೇ ಹೆಸರಾಗಿದ್ದ. "ಜನಕ್ಕೆ ಹಾಕೋ ಟೋಪಿ ಅಲ್ಲ ಮಾಸ್ಟ್ರೇ, ನಾನೇ ಹಾಕ್ಕೊಳ್ಳೋದು," ಎಂದು ಮೊದಲ ಭೇಟಿಯಲ್ಲೇ ಸ್ಪಷ್ಟಪಡಿಸಿದ್ದ. ಅವನ ನಟನಟಿಯರ ಬಟ್ಟೆ ಹೆಚ್ಚುಕಮ್ಮಿಯಾದರೆ ಮಾಸ್ಟರು ಸೂಜಿದಾರ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು.

ಒಂದು ಮಧ್ಯಾಹ್ನ ಹಾಗೆಯೇ ಹತ್ತಿದರು. ಅಂದಿನದು ಮದುವೆಯಾಗಿ ತವರು ಬಿಡುವ ಹುಡುಗಿಯ ಹಾಡು. ವಧುವಿನ ಪಾತ್ರದ ಹುಡುಗಿ ತಡವಾಗಿ ಬಂದಿದ್ದಳು, ಗೌನು ಸಡಿಲವಾಗಿತ್ತು. ಯಂತ್ರಕ್ಕೆ ಕೊಂಡೊಯ್ಯುವಷ್ಟು ವ್ಯವಧಾನವಿಲ್ಲದೆ ಮಾಸ್ಟರು ಮೈಮೇಲೆಯೇ, ಪಕ್ಕಕ್ಕೆ ಕಚ್ಚಾ ಹೊಲಿಗೆ ಹಾಕಿದರು. ಆಮೇಲೆ ಬಿಚ್ಚಲೆಂದೇ ಹಾಕುವ ದೊಡ್ಡ ದೊಡ್ಡ ಹೊಲಿಗೆ ಅದು. ಜೋರಾಗಿ ಉಸಿರೆಳೆದರೆ ನಿಲ್ಲುತ್ತದೆಂದು ನಂಬುವಂತಿಲ್ಲ. ಅಷ್ಟರಲ್ಲಿ ತಂದೆಯ ಪಾತ್ರದವನು ಬರುವುದಿಲ್ಲವೆಂದು ಫೋನು ಬಂತು. ಟೋಪಿ ಸುತ್ತಲೂ ನೋಡಿ, ಮಾಸ್ಟರ ಮೇಲೆ ಕಣ್ಣು ನಿಲ್ಲಿಸಿದ.

"ನೀವೇ ನಿಂತ್ಕೊಳ್ಳಿ ಮಾಸ್ಟ್ರೇ. ಮಾತಿಲ್ಲ ಕಥೆಯಿಲ್ಲ. ಅವಳು ಹೋಗ್ತಾ ಇರ್ತಾಳೆ, ನೀವು ನೋಡ್ತಾ ಇರ್ಬೇಕು ಅಷ್ಟೇ."

"ಅಯ್ಯೋ, ನಂಗೆ ನಟನೆ ಗಿಟನೆ ಬರಲ್ಲಪ್ಪ."

"ನೋಡೋಕೆ ಬರುತ್ತಲ್ಲ? ಸಾಕು."

ಯಾರದೋ ಕೋಟು ತೊಡಿಸಿ ನಿಲ್ಲಿಸಿದರು. ದೀಪಗಳು ಹೊತ್ತಿದವು. ಹುಡುಗಿ ಬಿಕ್ಕುತ್ತ ಬಾಗಿಲಿನತ್ತ ನಡೆದಳು. ಒಂದೊಂದು ಬಿಕ್ಕಿಗೂ ಕಚ್ಚಾ ಹೊಲಿಗೆ ಒಂದಿಷ್ಟು ಬಾಯಿ ಬಿಡುತ್ತಿತ್ತು. ಇನ್ನೆರಡು ಬಿಕ್ಕಿಗೆ ದಾರ ಕಡಿಯುತ್ತದೆ, ಇಷ್ಟು ಜನರೆದುರು ಹುಡುಗಿಯ ಮಾನ ಹೋಗುತ್ತದೆ, ನಾನೇ ಹಾಕಿದ ಹೊಲಿಗೆ! ಮಾಸ್ಟರು ರೆಪ್ಪೆ ಮಿಟುಕಿಸುವುದನ್ನೂ ಮರೆತು ನೋಡುತ್ತಿದ್ದರು. ದೀಪದ ಉರಿಗೋ ಆತಂಕಕ್ಕೋ ಕಣ್ಣು ತುಂಬಿತು. ಹೊಲಿಗೆ ಹಿಡಿಯಲೆಂದು ಕೈ ಒಂದಿಷ್ಟು ಮುಂದೆ ಚಾಚಿ, ಕ್ಯಾಮೆರಾ ಇದೆಯೆಂದು ನೆನಪಾಗಿ ಹಿಂದಕ್ಕೆ ಬಂತು. ತುಟಿ ಅದುರಿತು. ಹುಡುಗಿ ಬಾಗಿಲು ದಾಟಿದಳು. ದಾರ ಕಡಿಯಲಿಲ್ಲ.

"ಕಟ್!" ಎಂದು ಟೋಪಿ ಓಡಿ ಬಂದ. "ಎಲ್ಲಿ ಇಟ್ಕೊಂಡಿದ್ರಿ ಮಾಸ್ಟ್ರೇ ಇಷ್ಟನ್ನ?"

ಏನನ್ನು ಎಂದು ಕೇಳುವಷ್ಟರಲ್ಲಿ ಅವನು ಕ್ಯಾಮೆರಾದ ಹಿಂದೆ ಮರೆಯಾಗಿದ್ದ.

ಹಾಡು ಹೊರಬಂದ ಮೇಲೆ ಮಾಸ್ಟರ ಗೊಂದಲ ಶುರುವಾಯಿತು. ಶಾಲಾ ಸಮವಸ್ತ್ರದ ತೋಳು ಉದ್ದ ಮಾಡಿಸಲು ಬಂದ ಹೆಂಗಸು ಅವರನ್ನು ಕಂಡದ್ದೇ ಗಳಗಳನೆ ಅತ್ತಳು. "ನಮ್ಮಪ್ಪನೂ ಹಿಂಗೇ ಕೈ ಚಾಚಿ ಸುಮ್ಮನಾಗ್ಬಿಟ್ರು," ಎಂದಳು. ಮಾಸ್ಟರು ತೋಳಿನ ಅಳತೆ ಬರೆದುಕೊಂಡರು.

ಕೆಲವು ವಾರಗಳಲ್ಲಿ ಕಾಲೇಜು ಹುಡುಗರ ಗುಂಪೊಂದು ಬಂದು, ಕೇಕೆ ಹಾಕುತ್ತ ಅವರ ಪಕ್ಕ ನಿಂತು ಫೋಟೊ ತೆಗೆದುಕೊಂಡಿತು. "ಶಾಕ್ ಅಂಕಲ್! ಒಂದ್ಸಲ ಹಂಗೆ ಕೈ ಮಾಡಿ ಅಂಕಲ್!" ಟೋಪಿ ಅದೇ ತುಣುಕನ್ನು ಒಂದು ರ‍್ಯಾಪ್ ಹಾಡಿಗೂ ಬಳಸಿದ್ದ. ಮಗ ಕೂದಲಿಗೆ ನೀಲಿ ಬಣ್ಣ ಹಚ್ಚಿಕೊಂಡು ಮನೆಗೆ ಬರುತ್ತಾನೆ. ಕೂಡಲೇ ಮಾಸ್ಟರ ಮುಖ. ತಾಳದ ಪೆಟ್ಟಿಗೆ ಸರಿಯಾಗಿ ಕೈ ಮುಂದೆ, ಕೈ ಹಿಂದೆ, ಕೈ ಮುಂದೆ, ಕೈ ಹಿಂದೆ.

ಅದು ತಣ್ಣಗಾಗುವಷ್ಟರಲ್ಲಿ ಮುದುಕಿಯೊಬ್ಬಳು ಶಾಲಿನ ಅಂಚು ಕಟ್ಟಿಸಲು ಬಂದು, ದನಿ ತಗ್ಗಿಸಿ ಕೇಳಿದಳು: "ನಿಮಗೆ ಅಷ್ಟು ಭಕ್ತಿ ಹೇಗೆ ಬಂತಪ್ಪಾ?" ಪ್ರಾರ್ಥನೆಯ ಹಾಡೊಂದರಲ್ಲಿ ಅದೇ ಮುಖವನ್ನು ನಿಧಾನವಾಗಿಸಿ, ಎದುರಿಗೊಂದು ದೀಪ ಇಟ್ಟಿದ್ದರು. ಚಾಚಿದ ಕೈ ಆ ಜ್ಯೋತಿಯನ್ನು ಮುಟ್ಟಲು ಹೋಗಿ, ಯೋಗ್ಯತೆ ಸಾಲದೆಂದು ಹಿಂದೆ ಸರಿದಂತಿತ್ತು.

"ಮೂರೂ ಬೇರೆ ಬೇರೆ ತೆಗೆದಿರ್ಬೇಕು," ಎಂದರು ಮಾಸ್ಟರು ಮನೆಯಲ್ಲಿ.

ಹೆಂಡತಿ ಫೋನನ್ನು ಮೂಗಿನ ಹತ್ತಿರ ಹಿಡಿದಳು. "ಅದೇ ಕೋಟು. ಎರಡನೇ ಗುಂಡಿ ಇಲ್ಲ ನೋಡಿ, ಮೂರರಲ್ಲೂ."

ಗುಂಡಿಯ ಸಾಕ್ಷಿಯನ್ನು ಮಾಸ್ಟರು ತಳ್ಳಿಹಾಕುವಂತಿರಲಿಲ್ಲ. ಅವರು ಮೇಲೆ ಹೋಗಿ ಟೋಪಿಯನ್ನೇ ಕೇಳಿದರು. ಅವನು ಪರದೆಯ ಮೇಲೆ ಮೂರನ್ನೂ ಸಾಲಾಗಿ ಇಟ್ಟು ತೋರಿಸಿದ.

"ಅಳೋಕೆ ಬಂದೋರಿಗೆ ಹೊತ್ತು ಕೊಡ್ಬೇಕು, ಅದಕ್ಕೇ ಮುಖನ ಹಂಗೇ ಬಿಟ್ಟಿದ್ದೀನಿ, ಅಲ್ಲಾಡ್ಸಿಲ್ಲ. ರ‍್ಯಾಪ್ ಕೇಳೋ ಹುಡುಗ್ರಿಗೆ ಹೊತ್ತು ಕೊಟ್ರೆ ಎದ್ದು ಹೋಗ್ತಾರೆ. ಅವ್ರಿಗೆ ಪೆಟ್ಟು ಬೇಕು. ಕೈ ಮುಗಿಯೋರಿಗೆ ಎಲ್ಲಾದ್ರೂ ಒಂಚೂರು ಬೆಳಕು ಕಂಡ್ರೆ ಸಾಕು, ಮಿಕ್ಕಿದ್ದು ಅವರೇ ತುಂಬ್ಕೋತಾರೆ. ಜನ ಮುಖ ನೋಡಲ್ಲ ಮಾಸ್ಟ್ರೇ, ಮುಖದ ಹಿಂದೆ ಮುಂದೆ ಏನಿದೆ ಅಂತ ನೋಡ್ತಾರೆ."

"ಹಾಗಾದ್ರೆ ಮುಖದಲ್ಲಿ ಏನಿತ್ತು?"

"ಅದು ನಿಮಗೇ ಗೊತ್ತಿರ್ಬೇಕು."

ಹೊಲಿಗೆ ಇತ್ತು ಎಂದು ಮಾಸ್ಟರಿಗೆ ಗೊತ್ತಿತ್ತು. ಆದರೆ ಹೊಲಿಗೆಗಾಗಿ ಊರು ಅಳುವುದುಂಟೆ? ಊರು ತಪ್ಪೋ ತಾವು ತಪ್ಪೋ ಎಂದು ಯೋಚಿಸುತ್ತ ಇಳಿದು ಬಂದವರು ಆ ಸಂಜೆ ಒಂದು ಪ್ಯಾಂಟಿನ ಎಡಗಾಲನ್ನು ಮಾತ್ರ ಗಿಡ್ಡ ಮಾಡಿ ಕೊಟ್ಟರು.

ಗೊಂದಲ ಇಲ್ಲಿಗೇ ನಿಂತಿದ್ದರೆ ಅವರು ತಾಳಿಕೊಳ್ಳುತ್ತಿದ್ದರೇನೋ. ಆದರೆ ಮರುದಿನ ಮಗಳ ಫೋನು ಬಂತು. ತಾಯಿಗಲ್ಲ, ನೇರವಾಗಿ ಅವರಿಗೇ. ಮದುವೆಯಾದಂದಿನಿಂದ ನಂಟರಿಗೆ ಅನ್ನುವಂತೆ ನೀವು ತಾವು ಎನ್ನುತ್ತಿದ್ದವಳು ಹಳೆಯ ಸಲಿಗೆಯಲ್ಲಿ ಮಾತಾಡಿದಳು.

"ಅಪ್ಪಾ, ಆ ಹಾಡು ನೋಡ್ದೆ. ತವರು ಬಿಡೋದು. ನನ್ನ ನೆನೆಸ್ಕೊಂಡಿದ್ದೆ ಅಲ್ವಾ? ಅವತ್ತು ಅಳೋಕಾಗ್ದೆ ಇದ್ದಿದ್ದು ಈಗ ಬಂತು ಅಲ್ವಾ?"

ಮಾಸ್ಟರು ಬಾಯಿ ತೆರೆದರು. ಯಾವ ಮಾತೂ ಬರಲಿಲ್ಲ. ಅದನ್ನೂ ಮಗಳು ಅಳುವೆಂದೇ ತಿಳಿದಳು. "ಸರಿ, ಏನೂ ಹೇಳ್ಬೇಡ. ಭಾನುವಾರ ಬರ್ತೀನಿ."

ಫೋನು ಇಟ್ಟ ಮೇಲೆ ಮಾಸ್ಟರು ಹೆಂಡತಿಗೆ ಎಲ್ಲವನ್ನೂ ಹೇಳಿದರು, ಹೊಲಿಗೆಯ ವಿಷಯವನ್ನೂ ಸೇರಿಸಿ. ಅವಳು ಹಣೆ ಚಚ್ಚಿಕೊಂಡಳು.

"ಹೂಂ ಅಂದ್ಬಿಡಿ! ನಿಮ್ಮ ಗಂಟೇನು ಹೋಗುತ್ತೆ? ತಾನಾಗೇ ಬರ್ತಿದಾಳೆ ಮಗು."

"ನೆನೆಸ್ಕೊಂಡಿರ್ಲಿಲ್ಲ ಕಣೆ."

"ಇಡೀ ಊರು ನೆನೆಸ್ಕೊಂಡಿದ್ರಿ ಅಂತಿದೆ. ನಿಮ್ಮೊಬ್ರದೇನು ರಾಗ?"

ಕೀಲಿಯವನೂ ಅದೇ ಪಕ್ಷ. "ನೋಡಿ ಮಾಸ್ಟ್ರೇ, ಬೀಗ ತೆಗೀತಲ್ಲ? ಕೀಲಿ ಅಸಲೋ ನಕಲೋ ಯಾಕೆ ಕೇಳ್ತೀರಿ? ನಾನು ಜೀವಮಾನ ಎಲ್ಲ ನಕಲಿ ಮಾಡೇ ಬದುಕಿರೋದು."

ಮಾತು ಸರಿಯೆನ್ನಿಸಿತು. ಸರಿಯೆನ್ನಿಸಿದ್ದರಿಂದಲೇ ಮಾಸ್ಟರಿಗೆ ಇನ್ನಷ್ಟು ಕಸಿವಿಸಿಯಾಯಿತು. ಹೂಂ ಎಂದರೆ ಮಗಳು ಸಿಗುತ್ತಾಳೆ, ಆದರೆ ಅವಳಿಗೆ ಸಿಗುವುದು ಟೋಪಿ ಕತ್ತರಿಸಿ ಅಂಟಿಸಿದ ಅಪ್ಪ. ಇಲ್ಲ ಎಂದರೆ ಇದ್ದ ಅಪ್ಪನೂ ಕೈಬಿಟ್ಟು ಹೋಗುತ್ತಾನೆ. ಯಾರಿಗೂ ತಿಳಿಯದಂತೆ ಆ ಹಾಡನ್ನು ಮತ್ತೆ ಮತ್ತೆ ಹಾಕಿ ತಮ್ಮ ಮುಖವನ್ನೇ ದಿಟ್ಟಿಸಿದರು. ನೋಡುತ್ತ ನೋಡುತ್ತ ತಮಗೇ ಅಳು ಬರುವಂತಾಯಿತು. ಪರದೆಯ ಮೇಲಿನ ಆ ಮುದುಕ ಮಗಳಿಗಾಗಿಯೇ ಅಳುತ್ತಿದ್ದ, ಸಂಶಯವೇ ಇಲ್ಲ. ನಾನೇ ಮರೆತಿದ್ದೇನೆಯೆ? ಹೊಲಿಗೆ ನೋಡುತ್ತಲೇ ಒಳಗೆಲ್ಲೋ ಅವಳು ಹಾದುಹೋದಳೆ? ರ‍್ಯಾಪ್ ಹಾಡು ಹಾಕಿದರು. ನಗು ಬಂತು. ಫೋನನ್ನು ಮಗುಚಿಟ್ಟರು.

ಭಾನುವಾರ ಮಗಳು ಬಂದಳು. ಬಾಗಿಲಲ್ಲೇ ಅಪ್ಪನ ಕೈ ಹಿಡಿದುಕೊಂಡಳು. ಅಡುಗೆಮನೆಯಿಂದ ತಾಯಿ ಕಣ್ಣಲ್ಲೇ ಗಂಡನಿಗೆ ಎಚ್ಚರಿಕೆ ಕೊಡುತ್ತಿದ್ದಳು. ಊಟವಾದ ಮೇಲೆ ಮಗಳು ಅಪ್ಪನ ಕೈ ಹಿಡಿದುಕೊಂಡೇ ಪಕ್ಕದಲ್ಲಿ ಮಂಚದ ಮೇಲೆ ಕೂತು ಹಾಡು ಹಾಕಿದಳು. ಕೈ ಚಾಚಿ ಹಿಂದೆ ಬರುವ ಕ್ಷಣದಲ್ಲಿ ಹಾಡನ್ನು ನಿಲ್ಲಿಸಿದಳು.

"ಇಲ್ಲಿ. ಇಲ್ಲಿ ಏನನ್ನಿಸ್ತಿತ್ತು ಹೇಳು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಹೊಲಿಗೆ," ಎಂದರು ಮಾಸ್ಟರು. "ಆ ಹುಡುಗಿ ಗೌನಿನ ಪಕ್ಕದ ಹೊಲಿಗೆ ಬಿಡ್ತಾ ಇತ್ತಮ್ಮ. ಕಚ್ಚಾ ಹೊಲಿಗೆ. ಎಲ್ಲರ ಮುಂದೆ ಹರಿದುಹೋಗುತ್ತೆ ಅಂತ..."

ಒಳಗೆ ಒಂದು ಚಮಚ ಬಿತ್ತು.

ಮಗಳು ಕೈ ಬಿಡಿಸಿಕೊಂಡಳು. ಹಾಡನ್ನು ಹಿಂದಕ್ಕೆಳೆದು ಮತ್ತೆ ನೋಡಿದಳು. ಈ ಸಲ ಅಪ್ಪನನ್ನಲ್ಲ, ವಧುವಿನ ಗೌನನ್ನು. ಬಾಗಿಲಿನ ಹತ್ತಿರ, ತೋಳಿನ ಕೆಳಗೆ, ಹೊಲಿಗೆ ನಿಜವಾಗಿಯೂ ಬಾಯಿ ಬಿಟ್ಟು ಮುಚ್ಚುತ್ತಿತ್ತು. ಇಷ್ಟು ಜನ ನೋಡಿದ ಹಾಡಿನಲ್ಲಿ ಅದನ್ನು ಯಾರೂ ಕಂಡಿರಲಿಲ್ಲ.

"ಹಾಗಾದ್ರೆ ನಾನು ಇರ್ಲೇ ಇಲ್ಲ."

"ಗೊತ್ತಿಲ್ಲಮ್ಮ. ಹುಡುಕಿ ಹುಡುಕಿ ಸಾಕಾಯ್ತು."

ಅವಳು ಎದ್ದು ಹೋಗುತ್ತಾಳೆಂದು ಮಾಸ್ಟರು ಎಣಿಸಿದರು. ಅವಳು ಹೋಗಲಿಲ್ಲ. ತನ್ನ ಮದುವೆಯ ವಿಡಿಯೊವನ್ನು ತೆಗೆದಳು. ಕಾರಿನ ಬಾಗಿಲು, ಮಂಡಿಯೂರಿದ ಅಪ್ಪ, ಕುಣಿತದ ಹಾಡು. ನೋಡಿ ನೋಡಿ ಅವಮಾನವೇ ಅಂಟಿಕೊಂಡಿದ್ದ ಆ ತುಣುಕಿನ ಸದ್ದನ್ನು ಅವಳು ಪೂರ್ತಿ ತೆಗೆದುಹಾಕಿದಳು. ವೇಗವನ್ನು ಎಷ್ಟು ಸಾಧ್ಯವೋ ಅಷ್ಟು ಇಳಿಸಿದಳು. ಹಾಡಿಲ್ಲದೆ ಅಪ್ಪ ಸೂಜಿ ಎಳೆಯುತ್ತಿದ್ದರು. ಒಮ್ಮೆ ಮುಖ ಕ್ಯಾಮೆರಾದತ್ತ ಹೊರಳಿತು. ರೆಪ್ಪೆ ಮಿಟುಕಿಸದ ಕಣ್ಣು, ಅದುರುವ ತುಟಿ. ಲಕ್ಷಾಂತರ ಜನರನ್ನು ಅಳಿಸಿದ್ದ ಅದೇ ಮುಖ.

"ಇಲ್ಲಿ ಏನನ್ನಿಸ್ತಿತ್ತು?"

"ಅಂಚು ಬಿಟ್ಟಿತ್ತಲ್ಲ. ಇಳಿಯೋವಾಗ ಕಾಲಿಗೆ ಸಿಕ್ಕಿ ಬೀಳ್ತೀಯೇನೋ ಅಂತ. ಗೊತ್ತಿಲ್ಲದ ಊರು, ಎತ್ತೋರು ಯಾರಿರ್ತಾರೋ ಏನೋ ಅಂತ."

ಮಗಳು ಅಪ್ಪನ ಕಡೆ ತಿರುಗಿದಳು. ಕೋಣೆಯಲ್ಲಿ ಯಾವ ಹಾಡೂ ಇರಲಿಲ್ಲ. ಅವಳು ಅಳುತ್ತಿದ್ದಾಳೋ, ನಗುವನ್ನು ತಡೆದಿದ್ದಾಳೋ, ಇನ್ನೂ ಸಿಟ್ಟಿನಲ್ಲೇ ಇದ್ದಾಳೋ ಎಂದು ತಿಳಿಸಿಕೊಡಲು ಹಿಂದೆ ತಾಳವಿಲ್ಲ, ಮುಂದೆ ದೀಪವಿಲ್ಲ. ಮಾಸ್ಟರ ಕಣ್ಣು ಅಭ್ಯಾಸದಂತೆ ಅವಳ ಕಾಲರಿಗೆ ಹೋಯಿತು, ತೋಳಿಗಿಳಿಯಿತು, ಪಕ್ಕದ ಹೊಲಿಗೆಯನ್ನು ಕೊನೆಯವರೆಗೂ ಹಿಂಬಾಲಿಸಿತು. ಎಲ್ಲೂ ಬಿಟ್ಟಿರಲಿಲ್ಲ. ಬೇರೆ ದಾರಿ ಕಾಣದೆ ಅವರು ಅವಳ ಮುಖ ನೋಡಿದರು.

"ಏನ್ ನೋಡ್ತಿದ್ದೀಯ ಅಪ್ಪ?"

"ಏನೂ ಗೊತ್ತಾಗ್ತಿಲ್ಲ ಕಣಮ್ಮ."

"ಪರವಾಗಿಲ್ಲ," ಎಂದಳು. "ನೋಡು."