ಇಪ್ಪತ್ತೇಳನೆಯ ಬಸ್ಸಿನ ಶ್ರುತಿ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಲಾರೆಲ್ ಲಿಕ್ ಕಣಿವೆಯ ತುದಿಯಲ್ಲಿ ಮಂಜು ಇನ್ನೂ ಹಳ್ಳದ ಮೇಲೆಯೇ ಮಲಗಿದೆ. ಹಳದಿ ಶಾಲಾ ಬಸ್ಸಿನ ಚಾಲಕಿಯ ಸೀಟಿನಲ್ಲಿ ಡೆಲ್ಫಿಯಾ ಸ್ಟಿಡಮ್ ಕಣ್ಣು ಮುಚ್ಚಿ ಕುಳಿತಿದ್ದಾರೆ. ತೊಡೆಯ ಮೇಲೆ ಬ್ರೇಕು, ದೀಪ, ಟೈರುಗಳ ತಪಾಸಣೆಯ ಹಾಳೆ ಬೋರಲಾಗಿ ಬಿದ್ದಿದೆ. ಅದರ ಖಾಲಿ ಬೆನ್ನಿನ ಮೇಲೆ ಪೆನ್ಸಿಲಿನ ಮೊನೆ ನಿಂತಿದೆ. ಬಸ್ಸು ಚಾಲೂ ಇದೆ. ಆದರೆ ಸದ್ದಿಲ್ಲ.

"ಏನಾದ್ರೂ ಕೇಳಿಸ್ತಾ?" ಎಂದು, ಅವರ ಹಾಡುಗಳನ್ನು ಧ್ವನಿಮುದ್ರಿಸಲು ಬಂದು ಹಿಂದಿನ ಸೀಟಿನಲ್ಲಿ ಕುಳಿತ ನನ್ನನ್ನು ಕೇಳುತ್ತಾರೆ.

ಇಲ್ಲ ಎನ್ನುತ್ತೇನೆ.

"ಅದೇ ನನ್ ಕಷ್ಟ."

ಈ ವಿದ್ಯುತ್ ಬಸ್ಸು ಬಂದು ಹದಿನೆಂಟು ದಿನವಾಗಿದೆ. ಮೊದಲ ಬೆಳಿಗ್ಗೆ ಇನ್ನೂ ಚಾಲೂ ಆಗಿಲ್ಲವೆಂದುಕೊಂಡು ಡೆಲ್ಫಿಯಾ ಮೂರು ಸಲ ಕೀಲಿ ತಿರುಗಿಸಿದ್ದರು. ಅದಕ್ಕೂ ಮುಂಚೆ ಮೂವತ್ತೊಂದು ವರ್ಷ ಅವರು ಓಡಿಸಿದ್ದು ಇಪ್ಪತ್ತೇಳನೆಯ ನಂಬರಿನ ಡೀಸೆಲ್ ಬಸ್ಸು. ಮೊದಲ ಮಗು ಹತ್ತುವ ಮುನ್ನ ಸಿಗುವ ನಲವತ್ತು ನಿಮಿಷದ ಖಾಲಿ ದಾರಿಯಲ್ಲಿ, ಆ ಎಂಜಿನ್ನಿನ ಗುಂಯ್‌ಗುಡುವಿಕೆಗೆ ದನಿ ಕೂಡಿಸಿ ಅವರು ಕಟ್ಟಿದ ಹಾಡುಗಳು ನಾನೂರ ಹನ್ನೆರಡು. ಎಲ್ಲವೂ ತಪಾಸಣೆಯ ಹಾಳೆಗಳ ಬೆನ್ನಿನ ಮೇಲೆಯೇ ಇವೆ.

ಲೆಕ್ಕ ಹಾಕಿದರೆ ವಿಷಯ ಸರಳ. ನಿಂತಲ್ಲೇ ಗುಂಯ್‌ಗುಡುವಾಗ ಆ ಎಂಜಿನ್ ನಿಮಿಷಕ್ಕೆ ಏಳುನೂರು ಸುತ್ತು ತಿರುಗುತ್ತಿತ್ತು. ಎರಡು ಸುತ್ತಿಗೊಮ್ಮೆ ಸಿಡಿಯುವ ಆರು ಸಿಲಿಂಡರುಗಳಿಂದ ಸೆಕೆಂಡಿಗೆ ಮೂವತ್ತೈದು ಬಡಿತ. ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಸ್ವರ ಅದು, ತೀರಾ ಕೆಳಗಿನ ಸ್ಥಾಯಿಯಲ್ಲಿ, ಒಂದು ಕೂದಲೆಳೆಯಷ್ಟು ಏರಿ. ಗಿಟಾರಿನವರು ಕಂಡರೆ ಮುಖ ಸಿಂಡರಿಸುವ ಶ್ರುತಿ. ಡೆಲ್ಫಿಯಾರ ಅಷ್ಟೂ ಹಾಡುಗಳು ಅದೇ ಶ್ರುತಿಯಲ್ಲಿವೆ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರು ಹಾಡುಗಾರರೆಲ್ಲ ಅದೃಷ್ಟ ಹುಡುಕಿ ಹೋಗುವ ನ್ಯಾಶ್‌ವಿಲ್‌ಗೆ ಹೋಗಿದ್ದರು. ನಾಲ್ಕು ವರ್ಷ ಹಗಲು ಮೋಟೆಲಿನ ಹಾಸಿಗೆ ಬಟ್ಟೆ ಒಗೆದು, ಸಂಜೆ ಬೇರೆ ಹಾಡುಗಾರರ ಜೊತೆ ಸರದಿಯಲ್ಲಿ ಕುಳಿತು ಹಾಡಿದರು. ಅವರ ಒಂದು ಹಾಡನ್ನು ಹೆಸರಾಂತ ಗಾಯಕಿಯೊಬ್ಬಳು ಹಾಡಿ, ಅದು ಒಂದು ಬೇಸಿಗೆಯಿಡೀ ರೇಡಿಯೊದಲ್ಲಿ ಬಂತು. "ಅಲ್ಲೊಬ್ಬ ಹೇಳ್ದ, ಹಾಡು ಚೆನ್ನಾಗಿದೆ ಕಣಮ್ಮ, ಆದ್ರೆ ಗಂಟಲಿಂದ ಆ ಬೆಟ್ಟ ಸ್ವಲ್ಪ ತೊಳ್ಕೊಂಡು ಬಾ ಅಂತ. ತೊಳ್ಕೊಳ್ಳೋಕೆ ಊರಿಗೇ ಬಂದೆ. ಇಲ್ಲಿ ನೀರು ಗಡುಸು, ಹೋಗ್ಲೇ ಇಲ್ಲ," ಎಂದು ನಗುತ್ತಾರೆ.

ಈಗ ಅವರ ವೇದಿಕೆಗಳು ಮದುವೆ, ಮೀನೂಟದ ಶನಿವಾರ, ಹೆಚ್ಚಾಗಿ ಸಮಾಧಿಗಳು. ಮೇ ಕೊನೆಯ ಭಾನುವಾರ ಸತ್ತವರನ್ನು ನೆನೆಯಲು ಊರೆಲ್ಲ ಗುಡ್ಡದ ಮೇಲಿನ ಸ್ಮಶಾನಕ್ಕೆ ಹೂ, ಕರಿದ ಕೋಳಿ, ಸೇಬಿನ ಪದರ ಕೇಕು ಹೊತ್ತು ಹೋಗುತ್ತದೆ. ಆ ವರ್ಷ ತೀರಿಕೊಂಡವರಿಗೆ ತಲೆಗೊಂದು ನುಡಿಯಂತೆ ಡೆಲ್ಫಿಯಾ ಹೊಸ ಹಾಡು ಕಟ್ಟುತ್ತಾರೆ. ವಾದ್ಯವಿಲ್ಲ, ಅವರು ಒಂದು ಸಾಲು ಹಾಡಿದರೆ ಜನ ಅದನ್ನೇ ನಿಧಾನವಾಗಿ ಎಳೆದು ಹಾಡುತ್ತಾರೆ. ಹತ್ತಲಾಗದ ಮುದುಕರನ್ನು ಗುಡ್ಡಕ್ಕೆ ತರುತ್ತಿದ್ದದ್ದು ಇಪ್ಪತ್ತೇಳನೆಯ ಬಸ್ಸೇ. ಅದನ್ನು ಎಂಜಿನ್ ಆರಿಸದೆ ಬೇಲಿಯ ಪಕ್ಕ ನಿಲ್ಲಿಸಿ ಡೆಲ್ಫಿಯಾ ಶ್ರುತಿ ಹಿಡಿಯುತ್ತಿದ್ದರು.

ಆ ಬಸ್ಸು ಗುಜರಿಗೆ ಹೋದ ವಾರ ಒಂದು ಶವಸಂಸ್ಕಾರದಲ್ಲಿ ಅವರು ಹಾಡನ್ನು ತೀರಾ ಮೇಲಿನ ಶ್ರುತಿಯಿಂದ ಎತ್ತಿಕೊಂಡರು. ಎರಡನೆಯ ಸಾಲಿಗೇ ಮುದುಕರ ದನಿ ಒಡೆದು, ಹಾಡು ಅರ್ಧದಲ್ಲಿ ನಿಂತಿತು.

ಈ ವರ್ಷದ ಹಾಡಿನಲ್ಲಿ ಐದು ನುಡಿ ಬೇಕು. ನಾಲ್ಕು ಹಳೆಯ ಬಸ್ಸಿನಲ್ಲೇ ಮುಗಿದಿವೆ. ಐದನೆಯದು ಫೆಬ್ರವರಿಯಲ್ಲಿ ತೀರಿಕೊಂಡ ವರ್ಸಿಗೆ. ಬಸ್ ಗ್ಯಾರೇಜಿನ ಮೆಕ್ಯಾನಿಕ್ ಹೋಬರ್ಟನ ಹೆಂಡತಿ ಆಕೆ. ದಿನಾ ಬೆಳಿಗ್ಗೆ ಮೊದಲ ತಿರುವಿನ ಮನೆಯ ಜಗುಲಿಯಿಂದ ಬಸ್ಸಿಗೆ ಟವೆಲು ಬೀಸುತ್ತಿದ್ದವಳು, ಡೆಲ್ಫಿಯಾರ ಜೀವದ ಗೆಳತಿ.

ಗ್ಯಾರೇಜಿನಲ್ಲಿ ಹೋಬರ್ಟ್ ಕಾಫಿ ಹಿಡಿದು ಕಾಯುತ್ತಿದ್ದಾನೆ. "ಏನ್ ಡೆಲ್ಫಿ, ನಿನ್ ಮೂಕಿ ಏನಂದ್ಳು?" ಎಂದು ಹೊಸ ಬಸ್ಸಿನ ಕಡೆ ಕೈ ತೋರುತ್ತಾನೆ.

"ಏನೂ ಹೇಳಲ್ಲ ಕಣೋ. ನಿನ್ನಂಥ ಗಂಡಸಿಗೆ ಇಂಥವಳೇ ಸರಿ."

"ವರ್ಸಿ ನುಡಿ ಆಯ್ತಾ?" ಡೆಲ್ಫಿಯಾ ಇಲ್ಲವೆಂದು ತಲೆಯಾಡಿಸುತ್ತಾರೆ. ಅವನು ಕಾಫಿಯೊಳಗೆ ನೋಡುತ್ತಾನೆ. "ಆಗದಿದ್ರೆ ಬಿಡು. ಅವಳು ಏನೂ ಅನ್ಕೊಳಲ್ಲ."

"ನಾನು ಅನ್ಕೋತೀನಲ್ಲ," ಎನ್ನುತ್ತಾರೆ ಡೆಲ್ಫಿಯಾ.

ಭಾನುವಾರ. ಗುಡ್ಡದ ಮೇಲೆ ಬಿಸಿಲು ತೆಳುವಾಗಿದೆ. ವಿದ್ಯುತ್ ಬಸ್ಸು ಮುದುಕರನ್ನು ಇಳಿಸಿ ಬೇಲಿಯ ಪಕ್ಕ ಮೌನವಾಗಿ ನಿಂತಿದೆ. ಡೆಲ್ಫಿಯಾ ಸಮಾಧಿಗಳ ನಡುವೆ ನಿಂತು ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ಜನ ಕಾಯುತ್ತಾರೆ. ಎಲ್ಲೋ ಒಂದು ಜೇನುನೊಣ.

ಆಗ ಹಿಂದಿನ ಸಾಲಿನಲ್ಲಿ ಗುಂಯ್ ಎಂದು ಶುರುವಾಗುತ್ತದೆ. ಹೋಬರ್ಟ್! ಬಾಯಿ ಬಿಗಿದು, ಟೊಪ್ಪಿಗೆ ಎದೆಗೊತ್ತಿ ನಿಂತಿದ್ದಾನೆ. ಮೂವತ್ತೊಂದು ವರ್ಷ ಆ ಎಂಜಿನ್ನಿನೊಳಗೆ ತಲೆ ತೂರಿಸಿದವನು. ಪಕ್ಕದ ನರ್ಸಮ್ಮ ಸೇರುತ್ತಾಳೆ, ಅಂಚೆಯವನು ಸೇರುತ್ತಾನೆ. ಆ ಬಸ್ಸಿನ ಕಿಟಕಿಗೆ ಹಣೆಯಾನಿಸಿ ಶಾಲೆಗೆ ಹೋದವರೆಲ್ಲ ಒಬ್ಬೊಬ್ಬರಾಗಿ ಸೇರುತ್ತಾರೆ. ಇಡೀ ಗುಡ್ಡ ನಿಂತಲ್ಲೇ ಗುಂಯ್‌ಗುಡುವ ಬಸ್ಸಾಗುತ್ತದೆ.

ಡೆಲ್ಫಿಯಾ ಹಾಡುತ್ತಾರೆ. ನಾಲ್ಕು ನುಡಿ ಮುಗಿಯುತ್ತವೆ. ಹಾಳೆಯಲ್ಲಿ ಮುಂದೆ ಏನೂ ಇಲ್ಲ. ಅವರು ಹಾಳೆ ಮಡಿಸಿ, ಹೋಬರ್ಟನ ಕಡೆ ನೋಡಿ, ಬರೆಯದ ಸಾಲನ್ನು ಹಾಡುತ್ತಾರೆ:

"ಟವೆಲು ಬೀಸೋ ಕೈಯೇ, ಜಗುಲಿ ಖಾಲಿ ಈಗ,
ತಿರುವು ಬಂದರೆ ನಾನು ಇನ್ನೂ ನಿಧಾನ."

ಜನ ಆ ಸಾಲನ್ನು ಎಳೆದು ಹಾಡುತ್ತಾರೆ. ಹೋಬರ್ಟ್ ಹಾಡುವುದಿಲ್ಲ. ಶ್ರುತಿಯನ್ನು ಮಾತ್ರ ಬಿಡುವುದಿಲ್ಲ.

ಮನೆಗೆ ಬಂದು ನನ್ನ ಧ್ವನಿಮುದ್ರಣವನ್ನು ಅಳೆದೆ. ಗುಡ್ಡದ ಆ ಗುಂಯ್ ಸೆಕೆಂಡಿಗೆ ನೂರ ನಲವತ್ತು ಕಂಪನ. ಮೂವತ್ತೈದರ ಸರಿಯಾಗಿ ನಾಲ್ಕರಷ್ಟು; ಅದೇ ಸ್ವರ, ಎರಡು ಸ್ಥಾಯಿ ಮೇಲೆ, ಅದೇ ಕೂದಲೆಳೆಯ ಏರಿನೊಂದಿಗೆ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅದನ್ನು ಡೆಲ್ಫಿಯಾರಿಗೆ ಹೇಳುತ್ತೇನೆ.

"ನನ್ ನುಡಿ ಯಾರು ಕಟ್ತಾರೋ, ಗೊತ್ತಿಲ್ಲ," ಎಂದು ಹಾಳೆಯನ್ನು ಬೋರಲು ಹಾಕುತ್ತಾರೆ. "ಎಲ್ಲಿಂದ ಎತ್ಕೋಬೇಕು ಅಂತ ಮಾತ್ರ ಎಲ್ರಿಗೂ ಗೊತ್ತಿದೆ. ಸಾಕಲ್ವಾ?"