ರವಿವಾರದ ಬಣ್ಣ

ನಾನು ಬದುಕಿನಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ ಶಬ್ದದ್ದು: ‘ಹಸಿರು.’ ಅದನ್ನು ಐದು ರವಿವಾರ ಸಾಲಾಗಿ ಹೇಳಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ‘ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ’ ಎಂದು ಮಕ್ಕಳ ಕಿವಿ ಹಿಂಡುವವನು ಹೀಗೇಕೆ ಮಾಡಿದ ಎಂದರೆ, ಅದಕ್ಕೆ ಕಾರಣ ಹೋಳಿಗೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಲಕ್ಷ್ಮೇಶ್ವರದಲ್ಲಿ ಮಾಸ್ತರನಾಗಿದ್ದೆ. ನಲವತ್ತನಾಲ್ಕು ದಾಟುವ ಹೊತ್ತಿಗೆ ನೀರಡಿಕೆ ಹೆಚ್ಚಾಯಿತು, ಪ್ಯಾಂಟು ಸಡಿಲಾಯಿತು. ತೆಳ್ಳಗಾದೆನೆಂದು ನಾನು ಹಿಗ್ಗುತ್ತಿದ್ದಾಗ ಹೆಂಡತಿ ಇಂದಿರಾ ನನ್ನನ್ನು ಗದಗಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಅವರು ಪರೀಕ್ಷೆ ಮಾಡಿ, “ಮಾಸ್ತರ, ಸಕ್ಕರಿ ಬ್ಯಾನಿ ಬಂದೈತ್ರಿ. ಇದು ಬಂದು ಹೋಗೂ ಬೀಗರಲ್ಲ, ಮನ್ಯಾಗ ಉಳಿಯೂ ಅಳಿಯ” ಎಂದರು. ಸಂಸ್ಕೃತದಲ್ಲಿ ಇದಕ್ಕೆ ಮಧುಮೇಹ ಎನ್ನುತ್ತಾರೆ. ಇಷ್ಟು ಚೆಂದದ ಹೆಸರಿಟ್ಟ ಪುಣ್ಯಾತ್ಮನಿಗೆ ಈ ರೋಗ ಇರಲಿಲ್ಲವೆಂಬುದರಲ್ಲಿ ನನಗೆ ಸಂಶಯವಿಲ್ಲ.

ಮನೆಯಲ್ಲೇ ರಕ್ತ ನೋಡಿಕೊಳ್ಳುವ ಯಂತ್ರ ಆಗ ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಔಷಧಿ ಅಂಗಡಿಯಿಂದ ನೀಲಿ ದ್ರಾವಣ ತಂದು, ಗಾಜಿನ ನಳಿಗೆಯಲ್ಲಿ ಸ್ವಲ್ಪ ಹಾಕಿ, ಎಂಟು ಹನಿ ಮೂತ್ರ ಸೇರಿಸಿ ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಚೂರು ಇದೆ. ಹಳದಿಯಾದರೆ ಜಾಸ್ತಿ. ಇಟ್ಟಂಗಿಯ ಕೆಂಪು ಬಂತೆಂದರೆ ಆ ವಾರ ನೀವು ಎಲ್ಲೋ ಊಟಕ್ಕೆ ಹೋಗಿದ್ದಿರಿ.

ಈ ವಿದ್ಯೆ ಗೊತ್ತಿದ್ದುದರಿಂದ ನನಗೊಬ್ಬ ಜೊತೆಗಾರ ಸಿಕ್ಕ. ಬಜಾರಿನಲ್ಲಿ ನನ್ನ ಅಂಗಿ ಹೊಲಿಯುತ್ತಿದ್ದ ದರ್ಜಿ ರಾಜೇಸಾಬ. ಸೂಜಿಯ ಕಣ್ಣು ಮಂಜಾಗಿ ಕಾಣತೊಡಗಿದಾಗ ಅವನಿಗೂ ಇದೇ ಬ್ಯಾನಿ ಇರುವುದು ತಿಳಿದಿತ್ತು. ಪ್ರತಿ ರವಿವಾರ ಮುಂಜಾನೆ ಸಣ್ಣ ಬಾಟಲಿಯನ್ನು ಬಟ್ಟೆಯ ತುಂಡಿನಲ್ಲಿ ಸುತ್ತಿಕೊಂಡು ನಮ್ಮ ಹಿತ್ತಲಿಗೆ ಬರುತ್ತಿದ್ದ. ನಾನು ಅವನದನ್ನು ಕುದಿಸಿ ಬಣ್ಣ ತೋರಿಸುತ್ತಿದ್ದೆ. ನನ್ನದನ್ನು ಅವನು ಬರುವ ಮೊದಲೇ ಮುಗಿಸಿರುತ್ತಿದ್ದೆ. “ನಿಮ್ಮದೇನು ಬಂತ್ರಿ ಮಾಸ್ತರ?” ಎಂದು ಕೇಳಿದಾಗ ಬಾಯಲ್ಲಿ ಹೇಳುತ್ತಿದ್ದೆ, ಅಷ್ಟೆ.

ಮೊದಲ ಎರಡು ತಿಂಗಳು ಖರೆಯನ್ನೇ ಹೇಳಿದೆ. ಆಮೇಲೆ ಮದುವೆಗಳು ಶುರುವಾದವು. ನಮ್ಮ ಕಡೆ ಊಟದ ಸಾಲಿನಲ್ಲಿ ‘ಒಲ್ಲೆ’ ಎಂಬ ಶಬ್ದಕ್ಕೆ ‘ಇನ್ನೊಂದು ಹಾಕ್ರಿ’ ಎಂದೇ ಅರ್ಥ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಮುಂಗೈ ಮೇಲೆ ಬಡಿಸುತ್ತಾರೆ. ಶಿರಹಟ್ಟಿಯ ಒಂದು ಮದುವೆಯಲ್ಲಿ ಮೂರು ಹೋಳಿಗೆ ತಿಂದೆ. ಎರಡನ್ನು ಒತ್ತಾಯಕ್ಕೆ ತಿಂದೆ, ಮೂರನೆಯದನ್ನು ತುಪ್ಪ ಉಳಿದಿತ್ತೆಂದು. ಆ ರವಿವಾರ ನಳಿಗೆಯಲ್ಲಿ ಇಟ್ಟಂಗಿ ಬಂತು. ಬಚ್ಚಲಿಗೆ ಸುರಿದು ಬಂದು, ರಾಜೇಸಾಬನಿಗೆ “ಹಸಿರು” ಎಂದೆ. ಮಾಸ್ತರ ದರ್ಜಿಯ ಮುಂದೆ ಫೇಲಾಗುವುದು ಹೇಗೆ? ಮುಂದಿನ ವಾರ ಸರಿಮಾಡಿಕೊಂಡರಾಯಿತು ಎಂದುಕೊಂಡೆ. ಮುಂದಿನ ವಾರವೂ ಒಂದು ಮದುವೆ ಇತ್ತು.

ಅವನಿಗೆ ಹಳದಿ ಬಿಟ್ಟು ಬೇರೆ ಬಣ್ಣ ಬರುತ್ತಿರಲಿಲ್ಲ. ಪ್ರತಿ ವಾರ ನನ್ನ ‘ಹಸಿರು’ ಕೇಳಿ, ಶಹಭಾಸ್ ಎಂಬಂತೆ ತಲೆಯಾಡಿಸಿ ಹೋಗುತ್ತಿದ್ದ.

ಆರನೆಯ ವಾರ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬರುತ್ತಿದ್ದೆ. ಅವನ ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. “ಸಾಬ ಇವತ್ತ ಕುಡದಾನ ಅನಸ್ತೈತಿ” ಎಂದ ಒಬ್ಬ. ರಾಜೇಸಾಬ ಜೀವಮಾನದಲ್ಲಿ ಹೆಂಡ ಮುಟ್ಟದ ಮನುಷ್ಯ. ಒಳಗೆ ಹೋದೆ. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಈ ಬ್ಯಾನಿಯ ಗುಳಿಗೆ ನುಂಗಿ ಊಟ ತಪ್ಪಿಸಿದರೆ ಮೈಯೊಳಗಿನ ಸಕ್ಕರೆ ತೀರ ಇಳಿದು ಹೀಗಾಗುತ್ತದೆ, ಕೂಡಲೇ ಸಕ್ಕರೆ ಕೊಡಬೇಕು ಎಂದು ಡಾಕ್ಟರು ಹೇಳಿದ್ದು ನೆನಪಾಯಿತು. ಎದುರಿನ ಹೋಟೆಲಿಗೆ ಓಡಿದೆ.

“ಜಲ್ದಿ ಒಂದು ಗ್ಲಾಸ್ ನೀರಾಗ ನಾಕ ಚಮಚ ಸಕ್ಕರಿ ಕಲಸ್ರಿ, ರಾಜೇಸಾಬಗ!”

“ಅವಗ ಸಕ್ಕರಿ ಬ್ಯಾನಿ ಐತಲ್ರಿ ಮಾಸ್ತರ! ಕೊಲ್ಲತೀರೇನ?” ಎಂದ ಹೋಟೆಲಿನವ.

“ಕೊಡದಿದ್ರ ಸಾಯ್ತಾನ್ರಿ!”

ಗ್ಲಾಸನ್ನು ಅವನ ತುಟಿಗೆ ಹಿಡಿದೆ. ಪುಣ್ಯಕ್ಕೆ ಗುಟುಕರಿಸುವಷ್ಟು ಎಚ್ಚರವಿತ್ತು. ಹತ್ತು ನಿಮಿಷದಲ್ಲಿ ಕಣ್ಣು ತಿಳಿಯಾದವು. ಜನ ಚದುರಿದ ಮೇಲೆ ಮೆಲ್ಲಗೆ ಹೇಳಿದ:

“ಎರಡ ದಿನದಿಂದ ಬರೇ ಮಜ್ಜಿಗಿ ಮ್ಯಾಲೆ ಅದೀನ್ರಿ. ನಿಮಗ ಐದ ರವಿವಾರ ಹಸಿರು ಬಂತು. ನನಗ ಒಮ್ಮೆರ ಬರಬ್ಯಾಡೇನ್ರಿ?”

ಖಾಲಿ ಗ್ಲಾಸನ್ನು ಕೆಳಗಿಟ್ಟೆ. “ರಾಜೇಸಾಬ, ಈ ಐದ ವಾರದಾಗ ನನಗ ಒಮ್ಮೆನೂ ಹಸಿರು ಬಂದಿಲ್ಲೋ. ಸುಳ್ಳ ಹೇಳೀನಿ” ಎಂದೆ.

ಅವನು ಬೈಯಲಿಲ್ಲ. ಕತ್ತರಿಸಿಟ್ಟ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. “ನಾಳೆ ಬರೂದಿಲ್ರಿ” ಎಂದಷ್ಟೇ ಹೇಳಿದ.

ಮನೆಗೆ ಬಂದು ಇಂದಿರಾಳಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ, “ನನಗ ಗೊತ್ತಿತ್ತು” ಎಂದಳು. “ಖರೆ ಹಸಿರು ಬಂದಾಗ ನೀವು ನಳಗಿ ಹಿಡಕೊಂಡು ಅಡಗಿ ಮನಿತನಕಾ ಬರತಿದ್ರಿ. ಐದ ವಾರದಿಂದ ಬಂದಿಲ್ಲ.”

“ಗೊತ್ತಿದ್ದೂ ಯಾಕ ಸುಮ್ಮನಿದ್ದಿ?”

“ಕಾವಲಿಗೆ ನಿಂತ್ರ ಕದ್ದ ತಿಂತೀರಿ. ನಿಮಗ ನಾಚಿಕಿ ಬರೂತನಕಾ ಕಾಯೂಣು ಅಂತ.”

ಎರಡು ರವಿವಾರ ಸ್ಪಿರಿಟ್ ದೀಪ ಹಚ್ಚಲಿಲ್ಲ. ಮೂರನೆಯ ರವಿವಾರ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ರಾಜೇಸಾಬ ಬಾಟಲಿ ಹಿಡಿದು ನಿಂತಿದ್ದ. ಒಳಗೆ ಬಂದವನೇ, “ಇನ್ನ ಮ್ಯಾಲೆ ನಿಮ್ಮದು ನಾ ಕುದಸ್ತೀನಿ, ನನ್ನದು ನೀವು ಕುದಸ್ರಿ. ಬಣ್ಣಾ ಇಬ್ಬರೂ ಕೂಡೇ ನೋಡೂಣು” ಎಂದ. ನನ್ನ ಜಾತಕವನ್ನು ಇನ್ನೊಬ್ಬರ ಕೈಗೆ ಕೊಟ್ಟಂತಾಯಿತು. ಆ ದಿನ ನನಗೆ ಕೆಂಪು, ಅವನಿಗೆ ಹಳದಿ. ನಕ್ಕೆವು. ಹೆದರಿಕೆಯೂ ಆಯಿತು.

ಅಲ್ಲಿಂದ ಮುಂದಿನದು ದೊಡ್ಡ ಸಾಹಸವೇನಲ್ಲ. ಉಪವಾಸ ಬಿಟ್ಟು ಹೊತ್ತಿಗೆ ಸರಿಯಾಗಿ ಊಟ. ನಾಲ್ಕು ರೊಟ್ಟಿ ಎರಡಾದವು, ಪಲ್ಯ ಎರಡು ಪಟ್ಟಾಯಿತು. ಅನ್ನದ ಜಾಗಕ್ಕೆ ಸ್ವಲ್ಪವೇ ನವಣೆ ಬಂತು. ಮೆಂತೆ ಸೊಪ್ಪನ್ನು ಉಳ್ಳಾಗಡ್ಡಿಯ ಜೊತೆ ಹಸಿಯಾಗಿ ಕಲಸುವುದನ್ನು ರಾಜೇಸಾಬನ ಹೆಂಡತಿ ಇಂದಿರಾಳಿಗೆ ಕಲಿಸಿದಳು. ನಮ್ಮ ಅಗಸೆ ಚಟ್ನಿ ಅವರ ಮನೆಗೆ ಹೋಯಿತು. ಸಂಜೆ ಇಬ್ಬರೂ ಊರ ಹೊರಗೆ ನಡೆದು ಬರುತ್ತಿದ್ದೆವು. ಮದುವೆ ಮನೆಯಲ್ಲಿ ಕೈ ಅಡ್ಡ ಹಿಡಿಯುವುದನ್ನು ಬಿಟ್ಟು, “ರವಿವಾರ ರಾಜೇಸಾಬ ನೋಡ್ತಾನ್ರಿ” ಎನ್ನತೊಡಗಿದೆ. ಬಡಿಸುವವರಿಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ ಮಾತಿಗೆ ಜನ ಹೆದರುತ್ತಾರೆ; ಹೋಳಿಗೆ ಪಕ್ಕದ ಎಲೆಗೆ ಹೋಗುತ್ತಿತ್ತು.

ಎಲ್ಲ ವಾರವೂ ಗೆದ್ದೆವೆಂದಲ್ಲ. ಹಬ್ಬಗಳು ಇಬ್ಬರಿಗೂ ಇದ್ದವು. ಹಳದಿ ಬಂದಾಗ ಒಬ್ಬರನ್ನೊಬ್ಬರು ಬೈಯುತ್ತಿರಲಿಲ್ಲ, “ಏನ ತಿಂದಿ?” ಎಂದು ಕೇಳುತ್ತಿದ್ದೆವು. ಅದನ್ನು ವಿವರವಾಗಿ ಹೇಳುವುದರಲ್ಲೂ ಒಂದು ರುಚಿ ಇತ್ತು.

ಮರುವರ್ಷದ ಚಳಿಗಾಲದಲ್ಲಿ ಒಂದು ರವಿವಾರ ಎರಡೂ ನಳಿಗೆಗಳು ನೀಲಿಯಾಗಿಯೇ ಉಳಿದವು. ಮತ್ತೊಮ್ಮೆ ಕುದಿಸಿದೆವು. ಆಗಲೂ ನೀಲಿ. ಇಂಥ ಹೊತ್ತಿನಲ್ಲಿ ಬಾಯಿ ಸಿಹಿ ಮಾಡಬೇಕು. ಹಾಗೆ ಮಾಡಿದರೆ ನೀಲಿ ಉಳಿಯುವುದಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಬೆಳ್ಳಟ್ಟಿ ಕಡೆಯ ಹೆಣ್ಣುಮಗಳೊಬ್ಬಳು ಹಸಿ ಕಡಲೆ ಗಿಡದ ಹೊರೆ ಹೊತ್ತು ಕೂಗುತ್ತ ಬಂದಳು. ಒಂದು ಸಿವುಡು ಕೊಂಡು ಹಿತ್ತಲ ಕಲ್ಲಿನ ಮೇಲೆ ಕೂತೆವು. ಆ ಗಿಡಕ್ಕೆ ಮೈಯೆಲ್ಲ ಹುಳಿ; ಕಾಯಿ ಸುಲಿದಂತೆಲ್ಲ ಬೆರಳು, ತುಟಿ ಚುರುಚುರು ಎನ್ನುತ್ತವೆ.

“ಬಾಯಿ ಹುಳಿ ಮಾಡಿಕೊಂಡ್ವಿ ನೋಡ್ರಿ” ಎಂದ ರಾಜೇಸಾಬ, ಕಣ್ಣು ಕಿರಿದು ಮಾಡಿ.

ಸಂತೋಷಕ್ಕೆ ಅದೂ ಸಾಕಾಯಿತು.