ಹಸಿರು ಬಟ್ಟೆಯ ಮೇಲಿನ ಟಿಕಳಿ

ಅಕ್ಕೋರ ಬಲಗೈ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಯಾವಾಗಲೋ ಶಾಲೆಯ ಬಾಗಿಲಿಗೆ ಸಿಕ್ಕಿ ಮುರಿದದ್ದು ನೆಟ್ಟಗೆ ಕೂಡಲೇ ಇಲ್ಲ. ನಿವೃತ್ತರಾಗಿ ವರ್ಷಗಳಾದರೂ ಆ ಉಗುರಿನ ಸಂದಿಯಲ್ಲಿ ಸೀಮೆಸುಣ್ಣದ ಬಿಳುಪು ಇದ್ದೇ ಇರುತ್ತಿತ್ತು, ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದನ್ನು ಅವರು ಬಿಟ್ಟಿರಲಿಲ್ಲ. ಆ ಬೆರಳು ನನಗೆ ಕೊಟ್ಟಷ್ಟು ಕಾಟವನ್ನು ಸವದತ್ತಿಯ ಯಾವ ಮದುಮಗನೂ ಕೊಟ್ಟಿಲ್ಲ.

ನಾನು ಮದುವೆ ವಿಡಿಯೊ ಮಾಡುವವನು. ಮಳೆಗಾಲದಲ್ಲಿ ಕೆಲಸ ಕಡಿಮೆ. ಡ್ಯಾಮಿನಿಂದ ಯಾವ ದಿನ ಎಷ್ಟು ನೀರು ಬಿಡುತ್ತಾರೆ ಎಂದು ಮಲಪ್ರಭಾ ದಂಡೆಯ ರೈತರಿಗೆ ತಿಳಿಸೋಣ ಎಂದು ಒಂದು ಚಾನೆಲ್ ತೆರೆದೆ. ನೀರು ಏರುವ ಮೊದಲೇ ಅವರು ದಂಡೆಯ ಮೋಟಾರ್ ಎತ್ತಿಡಬೇಕು. ಡ್ಯಾಮಿನ ಕಚೇರಿಯ ಪ್ರಕಟಣೆ ನೋಡಿ ಗ್ರಾಫ್ ಮಾಡುವುದು ನಾನು, ವಿವರಿಸುವುದು ನನಗೆ ಗಣಿತ ಕಲಿಸಿದ ಅಕ್ಕೋರು. ಜನ ನಂಬುತ್ತಿದ್ದದ್ದು ಅವರನ್ನು, ನನ್ನನ್ನಲ್ಲ.

ಆದರೆ ಅವರು ನಿಲ್ಲಬೇಕಾದದ್ದು ಖಾಲಿ ಹಸಿರು ಬಟ್ಟೆಯ ಮುಂದೆ. ಆಮೇಲೆ ಕಂಪ್ಯೂಟರಿನಲ್ಲಿ ಹಸಿರನ್ನೆಲ್ಲ ಅಳಿಸಿ, ಆ ಜಾಗಕ್ಕೆ ನಾನು ಗ್ರಾಫನ್ನು ಕೂಡಿಸುತ್ತಿದ್ದೆ. ಜಗಳ ಶುರುವಾದದ್ದೇ ಅಲ್ಲಿ.

"ಇಲ್ಲದ ಗೆರಿ ಹೆಂಗ ತೋರಸ್ಲಿ ತಮ್ಮಾ?"

"ಸುಮ್ಮನ ಕೈ ಮಾಡ್ರಿ ಅಕ್ಕೋರ, ಉಳದದ್ದು ನಾ ನೋಡ್ಕೋತೇನಿ."

"ಸುಮ್ಮನ ಕೈ ಮಾಡಾಕ ನಾ ಏನು ಬಸ್ಸಿಗೆ ನಿಂತೇನೇನು?"

ಒಂದು ದಿನ ನನಗೆ ಹೇಳದೆ, ಗೆರೆ ಎಲ್ಲೆಲ್ಲಿ ಬರುತ್ತದೋ ಅಲ್ಲಲ್ಲಿ ಹಣೆಯ ಕೆಂಪು ಟಿಕಳಿಗಳನ್ನು ಬಟ್ಟೆಗೆ ಅಂಟಿಸಿದ್ದರು. ಗ್ರಾಫ್ ಕೂಡಿಸಿ ನೋಡಿದರೆ ಅದರ ಮೈತುಂಬ ಸಿಡುಬು ಎದ್ದಂತೆ ಕೆಂಪು ಚುಕ್ಕೆ! ಒಂದೊಂದನ್ನೇ ಅಳಿಸುವಷ್ಟರಲ್ಲಿ ನನ್ನ ತಲೆ ಕೆಟ್ಟುಹೋಯಿತು. ಗುರುಗಳು ಅನ್ನುವುದನ್ನೂ ಮರೆತು ಒದರಾಡಿದೆ. ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

"ಬಾಯಿ, ಬೆರಳು, ಗೆರಿ ಮೂರೂ ಕೂಡೇ ಹೋಗಬೇಕಪಾ. ತಪ್ಪಿದ್ರ ನೋಡಾವ ಬೆರಳನ್ನ ನಂಬತಾನ" ಎಂದರು.

ಮರುವಾರ ಬಳೆಗಾರರ ಅಂಗಡಿಯಿಂದ ಹಸಿರು ಟಿಕಳಿ ತಂದರು. ಹತ್ತಿರ ನಿಂತ ಅವರಿಗೆ ಕಾಣುತ್ತಿತ್ತು, ವಿಡಿಯೊದಲ್ಲಿ ಬಟ್ಟೆಯ ಜೊತೆಗೇ ಮಾಯವಾಗುತ್ತಿತ್ತು. ಇದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ ಎಂದು ಮೈ ಇನ್ನಷ್ಟು ಉರಿದುಹೋಯಿತು.

ಅವರಲ್ಲೂ ಒಂದು ಕೆಟ್ಟ ಚಾಳಿ ಇತ್ತು. ದಿನದ ಹೆಸರು ಹೇಳುತ್ತಿರಲಿಲ್ಲ. "ಇಲ್ಲಿಂದ ನೀರು ಏರತೈತಿ, ಇದರ ಹಿಂದಿನ ದಿನಾನ ಮೋಟಾರ್ ಎತ್ತಿಡ್ರಿ" ಎಂದು ಬೆರಳಿಡುವುದು, ಅಷ್ಟೇ. ಎಷ್ಟು ಹೇಳಿದರೂ ಕೇಳಲಿಲ್ಲ.

ಆ ವಾರ ಅವರು ಬೆರಳಿಟ್ಟದ್ದು ಮಂಗಳವಾರಕ್ಕೆ. ಅವರು ಮನೆಗೆ ಹೋದ ಮೇಲೆ ನನಗೆ ಚಂದ ಮಾಡುವ ಹುಚ್ಚು ಹತ್ತಿತು. ಬಲಗಡೆ ಡ್ಯಾಮಿನ ಗೇಟಿನ ದೃಶ್ಯ ಹಾಕಲು ಗ್ರಾಫನ್ನು ಎಡಕ್ಕೆ ಕುಗ್ಗಿಸಿದೆ. ಗೆರೆಯೂ ಅದರ ಕೆಳಗಿನ ವಾರಗಳ ಹೆಸರೂ ಎಡಕ್ಕೆ ಸರಿದವು, ಬೆರಳು ಮಾತ್ರ ಇದ್ದಲ್ಲೇ ಉಳಿದು ಶುಕ್ರವಾರದ ಮೇಲೆ ಬಂತು. ನಾನು ನೋಡಲಿಲ್ಲ, ಚಾನೆಲ್ಲಿಗೆ ಹಾಕಿಬಿಟ್ಟೆ.

ಮುನವಳ್ಳಿಯ ರೈತರೊಬ್ಬರ ಮೋಟಾರ್ ಹೊಳೆ ಪಾಲಾಯಿತು. ಅವರು ನನ್ನ ಸ್ಟುಡಿಯೋಗೆ ಬಂದಾಗ ಅಕ್ಕೋರೂ ಇದ್ದರು.

"ಬೆರಳು ಶುಕ್ರವಾರದ ಮ್ಯಾಲಿತ್ತಲ್ರಿ ಅಕ್ಕೋರ?"

ಅಕ್ಕೋರು ನನ್ನ ಕಡೆ ತಿರುಗಲೂ ಇಲ್ಲ. "ಬೆರಳು ನಂದರಿ. ತಪ್ಪೂ ನಂದ" ಎಂದು ಕೈಮುಗಿದರು.

ನಾನು ಕಂಪ್ಯೂಟರ್ ನೋಡುತ್ತ ಕೂತೆ. ರೈತರು ಹೋದ ಮೇಲೆ ಅಕ್ಕೋರು ಅಂದದ್ದು ಒಂದೇ ಮಾತು: "ಗ್ರಾಫ್ ಸರಸೂ ಮುಂದ ನನ್ನ ಕರೀಬಾರದೇನೋ? ಬೆರಳ ಸರಸ್ತಿದ್ನಿ." ಬೈದಿದ್ದರೆ ಬೈದಾಡಿ ಮುಗಿಸುತ್ತಿದ್ದೆ. ಬೈಯಲಿಲ್ಲವಲ್ಲ ಎಂದು ತಿಂಗಳುಗಟ್ಟಲೆ ಅವರ ಮೇಲೇ ಸಿಟ್ಟಾಗಿದ್ದೆ.

ಹೋದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಈ ಮಳೆಗಾಲ ಹಸಿರು ಬಟ್ಟೆ ಬಿಚ್ಚಿದರೆ ಏಳು ಟಿಕಳಿ ಇನ್ನೂ ಅಂಟಿಕೊಂಡಿದ್ದವು. ಬಟ್ಟೆ ಮಡಚಿಟ್ಟು ಮುನವಳ್ಳಿಯ ಬಸ್ ಹಿಡಿದೆ. ಆ ರೈತರ ಮುಂದೆ ನಿಂತು, ತಪ್ಪು ನನ್ನದು ಎಂದು ಹೇಳಿದೆ.

"ಗೊತ್ತಿತ್ತು ಬಿಡ್ರಿ" ಎಂದರು ಅವರು. "ನಮ್ಮ ಹುಡುಗ್ರಿಗೆ ಅಕ್ಕೋರ ಕಲಿಸ್ಯಾರ. ಅವರ ಬೆರಳು ತಪ್ಪಂಗಿಲ್ರಿ. ಅವತ್ತ ನೀವು ಹೇಳತೀರೇನಂತ ನೋಡಾಕ ನಿಂತಿದ್ನಿ."